ಮಾತಿಗೆ ಕದಲದ ಮುಳ್ಳು

ತಾಯಿ ತುಂಗಭದ್ರೆಗೂ, ಆಕೆಯ ನೀರಿನಿಂದ ನಮ್ಮ ಮನೆಗಳಿಗೆ ಬೆಳಕು ತಂದವರೆಲ್ಲರಿಗೂ ಮೊದಲು ಕೈಮುಗಿಯುತ್ತೇನೆ.

ಎಂಬತ್ತರ ದಶಕದ ಒಂದು ಮಧ್ಯಾಹ್ನ, ಹೊಸಪೇಟೆಯ ವಿದ್ಯುತ್ ಉಪಕೇಂದ್ರದಲ್ಲಿ ಕ್ಯಾರಿಯರ್ ಫೋನಿಗೆ ಮೀಟರು ಜೋಡಿಸಿ ಕುಳಿತಿದ್ದೆ. ಕರೆಂಟ್ ಹರಿಯುವ ತಂತಿಯ ಮೇಲೆಯೇ ಮಾತನ್ನೂ ಒಯ್ಯುವ ಯಂತ್ರವದು. ಅದು ತಾನೆಷ್ಟು ವಿದ್ಯುತ್ತನ್ನು ಬಳಸುತ್ತದೆಂದು ಅಳೆಯುವುದು ನನ್ನ ಕೆಲಸ. ಆಪರೇಟರ್ ಹುಲುಗಪ್ಪನವರಿಗೆ ಸಂಡೂರಿನ ಕೇಂದ್ರದೊಡನೆ ಮಾತನಾಡಲು ಹೇಳಿದೆ. ಅವರು ಲೋಡ್ ಎಷ್ಟಿದೆಯೆಂದು ಕೇಳಿ ಥಟ್ಟನೆ ಫೋನ್ ಇಟ್ಟುಬಿಟ್ಟರು.

“ಇನ್ನಷ್ಟು ಮಾತನಾಡಿ, ಹುಲುಗಪ್ಪನವರೇ.”

“ಭಾಳ ಮಾತಾಡಿದ್ರ ಭಾಳ ಕರೆಂಟ್ ತಿಂತೈತಲ್ರಿ ಸಾಹೇಬ್ರ?”

“ಇಲ್ಲ. ಸುಮ್ಮನಿದ್ದರೂ ಮಾತನಾಡಿದರೂ ಇದಕ್ಕೆ ಹೆಚ್ಚುಕಡಿಮೆ ಅಷ್ಟೇ ಬೇಕು. ಮೀಟರಿನ ಮುಳ್ಳು ನೋಡಿ, ಕದಲಲೇ ಇಲ್ಲ.”

ಅವರು ಆ ಮುಳ್ಳನ್ನೇ ನೋಡುತ್ತ ನಿಂತರು. ಮೊದಲು ಸಂಡೂರಿನ ಆ ತುದಿಯಲ್ಲಿ ಕೆಲಸಕ್ಕಿದ್ದವನು ಅವರ ಒಡಹುಟ್ಟಿದ ತಮ್ಮ. ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ.

“ದಿನಾ ಸಂಜಿಕ ‘ಚಾ ಕುಡಿದ್ಯೇನಣ್ಣಾ’ ಅಂತ ಕೇಳ್ತಿದ್ದ ರೀ ನನ್ನ ತಮ್ಮ. ‘ಲೇ, ಸರ್ಕಾರದ ಕರೆಂಟ್ ಸುಡಬ್ಯಾಡ, ಇಡಲೇ ಫೋನು’ ಅಂತ ಬೈತಿದ್ದೆ. ಒಂದಿನಾನೂ ಅವನ್ನ ಮಾತಾಡಾಕ ಬಿಡಲಿಲ್ರಿ.”

ಅವರು ಮೆಲ್ಲನೆ ಫೋನೆತ್ತಿ, ಆ ತುದಿಯ ಹೊಸಬನನ್ನು ಕೇಳಿದರು: “ಚಾ ಆತೇನಪ್ಪಾ?”

ಮುಳ್ಳು ಇದ್ದಲ್ಲೇ ಇತ್ತು. ನನ್ನ ಅಳತೆ ಸರಿಯಾಗಿತ್ತು. ಆದರೆ ಒಂದು ಮಳೆಗಾಲ ತಡವಾಗಿತ್ತು. ತಂತಿಯ ಎರಡೂ ತುದಿಗಳಲ್ಲಿ ಕುಳಿತು ನಾಡನ್ನು ಬೆಳಗಿದವರೆಲ್ಲರಿಗೂ ವಿರೂಪಾಕ್ಷನು ಸನ್ಮಂಗಳವನ್ನುಂಟುಮಾಡಲಿ.