ಭೂಪಾಲ ಎತ್ತಿಕೊಡದ ಒಂದು ಮಾತು

ನಮ್ಮ ನಾಟ್ಯ ಮಂಡಳದ ಹಳೆಯ ಫೋಟೋಗಳು ಮಂಗಲ ಕಾರ್ಯಾಲಯದ ಗೋಡೆಯ ಮೇಲೆ ಸಾಲಾಗಿ ತೂಗುತ್ತವೆ. ಯಾವುದರಲ್ಲೂ ಭೂಪಾಲ ಕುಂಭೋಜೆ ಇಲ್ಲ. ಫೋಟೋ ತೆಗೆಯುವಾಗ ಬಣ್ಣ ಹಚ್ಚಿಕೊಂಡ ನಟರು ನಿಲ್ಲುತ್ತಾರೆ, ನಿರ್ದೇಶಕರು ನಿಲ್ಲುತ್ತಾರೆ, ಕೊನೆಯ ಅಂಕಕ್ಕೆ ಹಾರ ಹಿಡಿದು ಬಂದ ನಗರಸೇವಕರೂ ನಡುವೆ ತೂರಿಕೊಂಡು ನಿಲ್ಲುತ್ತಾರೆ. ಆ ಹೊತ್ತಿಗೆ ಭೂಪಾಲ ಕುರ್ಚಿ ಮಡಚುತ್ತಿರುತ್ತಾನೆ.

ಸಾಂಗಲಿ ಸೀಮೆಯ ನಮ್ಮ ಊರಲ್ಲಿ ಬೆಳಿಗ್ಗೆ ಹಾಲು ಹಾಕುವವರಿಗೆಲ್ಲ ಅವನು ಗೊತ್ತು. ಡೇರಿಯಲ್ಲಿ ಫ್ಯಾಟ್ ನೋಡುವವನು. ಅಪ್ಪ ಅರಿಸಿನ ಪೇಟೆಯಲ್ಲಿ ಚೀಲ ಹೊತ್ತವನು. ಮಗ ಮೆಟ್ರಿಕ್‌ವರೆಗೆ ಓದಿ ನಿಲ್ಲಿಸಿದ. ಮಂಡಳಕ್ಕೆ ಬಂದದ್ದು ಪರದೆ ಕಟ್ಟಲು. ಒಂದು ವರ್ಷ, ನಟರಿಗೆ ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರ್‌ಗೆ ಟೈಫಾಯ್ಡ್ ಬಂತು, ಇವನ ಕೈಗೆ ನಾಟಕದ ಪ್ರತಿ ಬಂತು. ಅಂದಿನಿಂದ ಇಪ್ಪತ್ತು ವರ್ಷ ಎಡಗಡೆಯ ಪಕ್ಕದ ಪರದೆಯ ಹಿಂದೆ, ಕಬ್ಬಿಣದ ಸ್ಟೂಲಿನ ಮೇಲೆ, ಪುಟಕ್ಕಷ್ಟೇ ಬೆಳಕು ಬೀಳುವ ಒಂದು ಬಲ್ಬಿನ ಕೆಳಗೆ ಕೂತ. ರಂಗದ ಮೇಲೆ ನಿಂತವನ ಬಾಯಿ ಒಣಗುವ ಮೊದಲೇ ಮಾತು ಹೋಗಿ ಅವನ ಕಿವಿಗೆ ಬೀಳುತ್ತಿತ್ತು. ಮೂರನೇ ಸಾಲಿನವರಿಗೂ ಕೇಳಿಸುತ್ತಿರಲಿಲ್ಲ. ಮೊದಲ ಸಾಲಿನವರಿಗೂ ಇಲ್ಲ.

ಹೆಂಡತಿ ಸುಗಂಧಾ ಒಂದು ನಾಟಕಕ್ಕೂ ಬಂದವಳಲ್ಲ. "ಬಂದು ಏನ್ ನೋಡ್ಲಿ? ಪಡದಿ ನೋಡ್ಲ್ಯಾ?" ಅನ್ನುವಳು. ಓಣಿಯ ಹೆಂಗಸರು ನಲ್ಲಿಯ ಮುಂದೆ ಅವಳನ್ನು ಕೆಣಕುವರು: "ನಿಮ್ಮ ಮನ್ಯಾರು ನಾಟಕದಾಗ ಅದಾರಂತ, ಮತ್ತ ನಮಗ್ಯಾಕ ಕಾಣಲ್ರೀ?" ಐವತ್ತು ದಾಟಿದ ಮೇಲೆ ಒಂದು ದಿನ ಭೂಪಾಲ ಅವಳಿಗೆ ಹೇಳಿದ: "ಈ ಸಲ ವಾಚನಕ್ಕ ನನ್ನ ಹೆಸರು ಕೊಡ್ತೀನಿ. ಒಂದ್ ಸಲ ನನ್ನ ಮಾರಿ ಮ್ಯಾಲ ದೀಪ ಬೀಳ್ಲಿ. ನೋಡಾಕ ಬಾ."

ಹೊಸ ನಾಟಕದ ಪಾತ್ರ ಹಂಚುವ ಮೊದಲು ನಮ್ಮಲ್ಲಿ ಒಂದು ಭಾನುವಾರ ಎಲ್ಲರೆದುರು ವಾಚನ ನಡೆಯುತ್ತದೆ. ಬಾಗಿಲು ತೆರೆದಿರುತ್ತದೆ, ಚಹಾ, ಬಟಾಟೆ ವಡೆ ಇರುತ್ತವೆ, ಯಾರು ಬೇಕಾದರೂ ಬಂದು ಕೂತು ನಗಬಹುದು. ಮೊದಲು ಪ್ರತಿ ಹಿಡಿದು ಓದಬೇಕು. ಅದರಲ್ಲಿ ಗೆದ್ದವರು ಪ್ರತಿ ಕೆಳಗಿಟ್ಟು ಅದೇ ಪ್ರವೇಶವನ್ನು, ಅಂದರೆ ದೃಶ್ಯವನ್ನು, ಆಡಿ ತೋರಿಸಬೇಕು. ಮರೆತರೆ ಪ್ರಾಂಪ್ಟರ್ ಇದ್ದಾನೆ.

ಆ ವರ್ಷದ್ದು ಪೇಶವೆ ಕಾಲದ ಒಂದು ಸರದಾರ ಮನೆತನದ ನಾಟಕ. ಅಣ್ಣ ನರಸಿಂಗರಾವ್ ತಮ್ಮನನ್ನು ಕೋಟೆಯಲ್ಲಿ ಸೆರೆಯಿಟ್ಟು, ಕೊನೆಗೆ ಕೊಲ್ಲಿಸಿಯೂ ಬಿಟ್ಟಿದ್ದಾನೆ. ವಿಷಯ ಗೊತ್ತಿಲ್ಲದ ತಮ್ಮನ ಹೆಂಡತಿ ಬಂದು, "ನನ್ನ ಗಂಡ ಬದುಕಿದ್ದಾರೋ ಇಲ್ಲವೋ?" ಎಂದು ಕೇಳುತ್ತಾಳೆ. ಅವನು ಹೇಳಬೇಕು: "ನಿನ್ನ ಹಣೆಯ ಕುಂಕುಮ ಒರೆಸಿದವನು ನಾನೇ, ತಾಯಿ." ಆ ಪಾತ್ರ ಡಾಕ್ಟರ್ ಮೋಘೆಯವರದು ಎಂದು ಊರಿಗೆಲ್ಲ ಗೊತ್ತಿತ್ತು. ರಾಜ, ಸರದಾರ, ಸಂತ ಯಾರೇ ಇರಲಿ, ದೊಡ್ಡ ಪಾತ್ರವೆಂದರೆ ಡಾಕ್ಟರರದು. ಹಾಗಾದರೆ ವಾಚನ ಯಾಕೆ? ನಾವು ನ್ಯಾಯವಂತರು ಎಂದು ನಮಗೆ ನಾವೇ ತೋರಿಸಿಕೊಳ್ಳಲು.

"ಯಾವ ಪಾತ್ರಕ್ಕೋ ಭೂಪಾಲ, ಬಾಗಲದಾಗ ಕೋಲ ಹಿಡಿಯೋ ಚೋಪದಾರಗ?" ಎಂದರು ನಿರ್ದೇಶಕ ತಾತ್ಯಾ ಲಿಮಯೆ.

"ನರಸಿಂಗರಾವ್‌ಗ."

ತಾತ್ಯಾ ಫ್ಯಾನಿನ ಕೆಳಗೆ ಕೂತ ಡಾಕ್ಟರರನ್ನು ನೋಡಿದರು. "ಓದಲಿ ಬಿಡ್ರಿ ತಾತ್ಯಾ," ಎಂದರು ಡಾಕ್ಟರರು, "ಓದೋದಕ್ಕೇನು."

ಓದಿದ. ಸಭೆಯಲ್ಲಿ ವಡೆ ಅಗಿಯುವ ಬಾಯಿಗಳು ನಿಂತವು. ಎತ್ತರದ ದನಿಯಲ್ಲ, ಆದರೆ ಕೊನೆಯ ಕುರ್ಚಿಯವರೆಗೆ ನೇರ ನಡೆದುಹೋಗುವ ದನಿ. ಹಿಂದಿನ ಸಾಲಿನಲ್ಲಿ ಸುಗಂಧಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ದನಿ ಅದ ಅಲ್ಲೋ ನಿನಗ. ಇಷ್ಟು ದಿನ ಎಲ್ಲಿಟ್ಟಿದ್ದಿ?" ಎಂದರು ತಾತ್ಯಾ.

"ನೀವ ಇಡಿಸಿದ್ರಲ್ರೀ, ಪಡದಿ ಹಿಂದ."

ಜನ ನಕ್ಕರು. ಅದು ಒಳ್ಳೆಯ ನಗು. ಅಲ್ಲಿಗೆ ಎದ್ದು ಮನೆಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಎರಡನೆಯ ಸುತ್ತಿಗೆ ಪ್ರತಿ ಕೆಳಗಿಟ್ಟ. ಎದುರಿಗೆ ತಮ್ಮನ ಹೆಂಡತಿಯಾಗಿ ಬ್ಯಾಂಕಿನಲ್ಲಿರುವ ಮೃಣಾಲ ವಹಿನಿ, ಮಂಡಳಕ್ಕೆಲ್ಲ ಅತ್ತಿಗೆ, ನಾಟಕ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಪಡೆದವರು. ಅವರು ಓಡಿ ಬಂದರು, ಅವನ ಕಾಲ ಹತ್ತಿರ ಕುಸಿದರು, ಮುಖ ಎತ್ತಿದರು, ಸುಮ್ಮನಾದರು. ಬೇಕೆಂದೇ ತಡೆದ ಮೌನ ಅದು. ತಾಲೀಮಿನಲ್ಲಾದರೆ ಇಂಥ ಜಾಗಕ್ಕೆಲ್ಲ ಭೂಪಾಲನ ಪ್ರತಿಯಲ್ಲಿ ಪೆನ್ಸಿಲ್ ಗುರುತು ಬಿದ್ದಿರುತ್ತದೆ. ಇದು ಮೊದಲ ದಿನ, ಗುರುತು ಎಲ್ಲಿಯದು? ಎದುರಿಗೊಬ್ಬರ ಮಾತು ನಿಂತಿದೆ, ಅಷ್ಟೇ ಅವನಿಗೆ ಗೊತ್ತಾದದ್ದು. ಸರದಾರ ನರಸಿಂಗರಾವ್ ಕತ್ತು ತಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಪಿಸುಗುಟ್ಟಿದ: "ನನ್ನ ಗಂಡ..."

ನಡುವೆ ಪರದೆ ಇರಲಿಲ್ಲ, ಎಲ್ಲರಿಗೂ ಕೇಳಿತು. ಸಭೆಯಲ್ಲಿ ನಗು ಒಡೆಯಿತು. ಯಾರೋ ಕುರ್ಚಿಯಿಂದ ಜಾರಿದರು. "ಸರದಾರರ, ನಿಮ್ಮ ಗಂಡ ಯಾರ್ರೀ?" ಎಂದು ಹಿಂದಿನಿಂದ ಕೂಗಿದರು. ಮೃಣಾಲ ವಹಿನಿ ಬಿದ್ದಲ್ಲೇ ಹೊಟ್ಟೆ ಹಿಡಿದುಕೊಂಡರು. ಭೂಪಾಲ ತಲೆ ಎತ್ತಿ ಹಿಂದಿನ ಸಾಲಿಗೆ ನೋಡಿದ. ಸೆರಗನ್ನು ಬಾಯಿಗೊತ್ತಿಕೊಂಡು ಸುಗಂಧಾಳೂ ನಗುತ್ತಿದ್ದಳು.

ನಗು ಇಳಿದ ಮೇಲೆ ತಾತ್ಯಾ ಕಣ್ಣೊರೆಸಿಕೊಂಡು ಹೇಳಿದರು: "ಇರಲಿ ಬಿಡೋ. ಹುಟ್ಟಿದ್ದ ಅದಕ್ಕ ನೀನು. ಹಂಗ ಆ ಪ್ರತಿ ತೊಗೊ, ಡಾಕ್ಟರ್‌ದು ನೋಡೋಣು." ಜೊತೆಗೆ ಪಕ್ಕದವರಿಗೆ, ಅವನಿಗೂ ಕೇಳುವ ಹಾಗೆ: "ಉಚ್ಚಾರನೂ ಸ್ವಲ್ಪ ಡೇರಿ ಕಡೀದ್ ಅದ." ಇಪ್ಪತ್ತು ವರ್ಷ ಅದೇ ಉಚ್ಚಾರದಲ್ಲಿ ಬಂದ ಮಾತನ್ನು ಈಸಿಕೊಂಡು ಈ ಜನ ಪದಕ ಗೆದ್ದಿದ್ದರು. ಆಗ ಯಾರ ಕಿವಿಗೂ ಡೇರಿಯ ವಾಸನೆ ಬಡಿದಿರಲಿಲ್ಲ.

ಭೂಪಾಲ ಪ್ರತಿ ಹಿಡಿದು ಸ್ಟೂಲಿನ ಮೇಲೆ ಕೂತ. ಡಾಕ್ಟರರು ಹೆಗಲಿಗೆ ಶಾಲು ಹಾಕಿಕೊಂಡು ನಿಂತರು. ವಹಿನಿ ಓಡಿ ಬಂದು, ಕುಸಿದು, ಕೇಳಿದರು: "ನನ್ನ ಗಂಡ ಬದುಕಿದ್ದಾರೋ ಇಲ್ಲವೋ?" ಡಾಕ್ಟರರ ಬಾಯಿ ತೆರೆಯಿತು. ಮಾತು ಬರಲಿಲ್ಲ. ಕಣ್ಣು ಮೆಲ್ಲಗೆ ಸ್ಟೂಲಿನ ಕಡೆ ಹೊರಳಿತು. ಆ ನೋಟವನ್ನು ಭೂಪಾಲ ಸಾವಿರ ಸಲ ಕಂಡವನು. ಮಾತು ಅವನ ನಾಲಗೆಯ ತುದಿಯಲ್ಲಿತ್ತು. ಅವನು ಪುಟ ನೋಡುತ್ತ ಕೂತ.

ಡಾಕ್ಟರರ ಕಣ್ಣಲ್ಲಿ ನಿಜವಾದ ಭಯ ಬಂತು. ಎಷ್ಟೋ ಹೊತ್ತಾದ ಮೇಲೆ ಹೇಗೋ ತಾವೇ ನೆನಪಿಸಿಕೊಂಡು, ಒಡೆದ ದನಿಯಲ್ಲಿ ಹೇಳಿದರು: "ನಿನ್ನ ಹಣೆಯ ಕುಂಕುಮ ಒರೆಸಿದವನು ನಾನೇ, ತಾಯಿ."

ಚಪ್ಪಾಳೆ ನಿಲ್ಲಲಿಲ್ಲ. "ಏನ್ ಮೌನ ಹಿಡದ್ರಿ ಡಾಕ್ಟರ್," ಎಂದು ತಾತ್ಯಾ ಎದ್ದು ಬಂದು ತಬ್ಬಿಕೊಂಡರು. "ಕಲ್ತು ಬರೂದಲ್ಲ ಇದು." ಡೇರಿಯವನು ಸಾಲು ಮರೆಯಲಿಲ್ಲ, ಅವನಿಗೆ ನಗು. ಡಾಕ್ಟರರು ಮರೆತರು, ಅವರಿಗೆ ಅಪ್ಪುಗೆ. ಇದನ್ನೇ ನಾವು ಕಲೆಯ ತಿಳಿವಳಿಕೆ ಎಂದು ಕರೆಯುತ್ತ ಬಂದಿದ್ದೇವೆ.

ಗಂಡ ಹೆಂಡತಿ ಮನೆಯ ದಾರಿ ಹಿಡಿದರು.

"ನಾ ಬೇಕಂತ ನಗಲಿಲ್ರೀ," ಎಂದಳು ಸುಗಂಧಾ. "ಬಂದಬಿಡ್ತು."

"ನೀ ನಕ್ಕಿದ್ದು ಏನೂ ಅಲ್ಲ ಬಿಡು. ಡಾಕ್ಟರ್ ಮರ್ತಿದ್ರು. ನನ್ನ ಕಡೆ ನೋಡಿದ್ರು. ನಾ ಬೇಕಂತ ಹೇಳಲಿಲ್ಲ."

ಅವಳಿಗೆ ಅದರ ತೂಕ ಗೊತ್ತಾಗಲಿಲ್ಲ. "ಹೋಗ್ಲಿ, ಬೇಷ್ ಆತು," ಎಂದಳು.

"ಬೇಷ್ ಅಲ್ಲ. ಮುಳುಗಾಂವ ಕೈ ಚಾಚಿದಾಗ ಕೈ ಹಿಂದ ಕಟ್ಕೊಂಡು ನಿಂತಂಗ ಆತದು."

ಮರುದಿನದಿಂದ ಡೇರಿಯಲ್ಲಿ ಕ್ಯಾನು ಇಳಿಸುವವರೆಲ್ಲ ಕೇಳತೊಡಗಿದರು: "ಏನ್ ಭೂಪಾಲಣ್ಣ, ನಿನ್ನ ಗಂಡ ಆರಾಮ ಅದಾನಿಲ್ಲೋ?" ಅವನು ಹಾಲಿನ ಮಾದರಿ ತೆಗೆಯುತ್ತ "ಅದಾನ" ಎನ್ನುತ್ತಿದ್ದ. ಆ ಕುಚೋದ್ಯ ಅವನಿಗೆ ತಾಗುತ್ತಿರಲಿಲ್ಲ. ತಾಗುತ್ತಿದ್ದದ್ದು ಸಂಜೆಯ ತಾಲೀಮು. ತಾತ್ಯಾ ಮೊದಲ ದಿನವೇ ಹೇಳಿದ್ದರು: "ಆ ಜಾಗದಾಗ ಬರ್ಕೊ, ಮೌನ ಅಂತ. ಏನ ಆಗಲಿ, ಅಲ್ಲಿ ನೀ ಬಾಯಿ ತೆಗೀಬ್ಯಾಡ." ಬರೆದುಕೊಂಡ. ತನ್ನ ಮತ್ಸರಕ್ಕೆ ತಾನೇ ಪೆನ್ಸಿಲಿನಿಂದ ಹೆಸರು ಬರೆದು, ದಿನಾ ಸಂಜೆ ಅದಕ್ಕೆ ಮೆಚ್ಚುಗೆ ಸಿಗುವುದನ್ನು ಸ್ಟೂಲಿನ ಮೇಲೆ ಕೂತು ಕೇಳಬೇಕಾಯಿತು.

ನಾಟಕದ ದಿನ ಸುಗಂಧಾ ತಾನಾಗಿಯೇ ಬಂದು ಐದನೇ ಸಾಲಿನಲ್ಲಿ ಕೂತಳು. ಆ ಪ್ರವೇಶ ಬಂತು. ವಹಿನಿ ಕೇಳಿದರು. ಮೌನ ಬಿತ್ತು, ತಾಲೀಮಿನಲ್ಲಿ ಇರುತ್ತಿದ್ದಷ್ಟು ಹೊತ್ತು ಆಯಿತು, ಮೀರಿತು. ಸಭಾಗೃಹ ಉಸಿರು ಹಿಡಿದಿತ್ತು. ಡಾಕ್ಟರರ ಕಣ್ಣು ಎಡಗಡೆಯ ಪರದೆಗೆ ಹೊರಳಿತು. ಬಾಯಿ ತೆಗೆಯಬೇಡ ಎಂಬ ಅಪ್ಪಣೆ ಪ್ರತಿಯಲ್ಲೇ ಇತ್ತು. ಕೂತರೆ ಇನ್ನೊಂದು ಚಪ್ಪಾಳೆ, ಎಲ್ಲರಿಗೂ ಸುಖ. ಭೂಪಾಲ ಎದ್ದು ನಿಂತ. ಪಿಸುಮಾತು ಹೊರಡಲಿಲ್ಲ, ದನಿಯೇ ಹೊರಟಿತು: "ನಿನ್ನ ಹಣೆಯ ಕುಂಕುಮ ಒರೆಸಿದವನು ನಾನೇ, ತಾಯಿ."

ಇಡೀ ಸಭೆಗೆ ಕೇಳಿತು. ಕೆಲವರು ನಕ್ಕರು. ಡಾಕ್ಟರರು ಅದೇ ಮಾತನ್ನು ಮತ್ತೆ ಹೇಳಿ ಪ್ರವೇಶ ಮುಗಿಸಿದರು.

ಆ ಅಂಕದ ಪರದೆ ಬಿದ್ದದ್ದೇ ಬಣ್ಣದ ಕೋಣೆಯಲ್ಲಿ ತಾತ್ಯಾ ಭೂಪಾಲನ ಮೇಲೆ ಮುನ್ನುಗ್ಗಿ ಬಂದರು. "ಹೇಳಿದ್ದಿಲ್ಲೇನೋ ನಿನಗ? ಬೇಕಂತ ಹಾಳ ಮಾಡಿದಿ. ಪಾತ್ರ ಸಿಗಲಿಲ್ಲಂತ ಹೊಟ್ಟಿಕಿಚ್ಚು."

"ಹೊಟ್ಟಿಕಿಚ್ಚು ಖರೇನ, ತಾತ್ಯಾ. ಆದ್ರ ಅದು ಇವತ್ತಿಂದಲ್ಲ. ವಾಚನದ ದಿನ ಡಾಕ್ಟರ್ ಮರ್ತಿದ್ರು, ನಾ ಹೇಳಲಿಲ್ಲ. ಇವತ್ತೂ ಮರ್ತಿದ್ರು. ಹೇಳಿದೆ."

ತಾತ್ಯಾ ಡಾಕ್ಟರರ ಕಡೆ ತಿರುಗಿದರು. ಡಾಕ್ಟರರು ಸಡಿಲಾದ ಮೀಸೆಯನ್ನು ಒತ್ತಿ ಅಂಟಿಸುತ್ತಿದ್ದರು. ಹೌದು ಎಂಬ ಒಂದು ಮಾತು ಸಾಕಿತ್ತು. ಅವರು ಕನ್ನಡಿಯ ಕಡೆ ಮುಖ ಮಾಡಿಕೊಂಡರು. ಓದಿದವರ ನಾಚಿಕೆಗೇಡಿತನ ಎಷ್ಟು ಸದ್ದಿಲ್ಲದ್ದು ಎಂದು ಅವತ್ತು ಆ ಬಣ್ಣದ ಕೋಣೆಯಲ್ಲಿದ್ದವರೆಲ್ಲ ನೋಡಿದರು, ನೋಡಿಯೂ ಬಾಯಿ ಬಿಡಲಿಲ್ಲ. ತಾತ್ಯಾ ಪ್ರತಿಯನ್ನು ಕಸಿದುಕೊಂಡು ಬೇರೆಯವನ ಕೈಗಿಟ್ಟರು. ಉಳಿದ ಅಂಕ ಭೂಪಾಲನಿಲ್ಲದೆ ನಡೆಯಿತು.

ಭೂಪಾಲ ಹಿಂದಿನ ಬಾಗಿಲಿನಿಂದ ಹೊರಗೆ ಬಂದಾಗ ಸುಗಂಧಾ ಅಲ್ಲಿ ನಿಂತಿದ್ದಳು. ಅವಳೂ ನಾಟಕ ಬಿಟ್ಟು ಎದ್ದು ಬಂದಿದ್ದಳು.

"ಕೇಳಿಸ್ತು," ಎಂದಳು.

"ಏನು?"

"ನಿಮ್ಮ ದನಿ. ಐದನೇ ಸಾಲಿಗೂ ಬೇಷ್ ಕೇಳಿಸ್ತು."

ಭೂಪಾಲ ನೆಲ ನೋಡಿದ. "ಕೇಳಿಸಬಾರದಿತ್ತು," ಎಂದ.