ಮೌನಿ ಎಂದು ಬರೆದಿದ್ದರು

ಹೊಸಪೇಟೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಇರುವೆ ಸಾಲಿನಂತೆ ಹರಿಯುತ್ತಿದ್ದ ವರ್ಷಗಳವು. ನಾನು ಅಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಬಿ.ಎ. ತರಗತಿಗೆ ಆಫ್ರಿಕಾದ ಕುರಿತ ಹೆಸರಾಂತ ಕಾದಂಬರಿಯೊಂದು ಪಠ್ಯವಾಗಿತ್ತು. ಬರೆದವನು ಬಿಳಿಯ, ತನ್ನವರು ಅಲ್ಲಿ ನಡೆಸಿದ ಲೂಟಿಯನ್ನು ಬಯಲಿಗಿಟ್ಟಿದ್ದ. ನನಗೆ ಅದರ ಮೇಲೆ ಬಹಳ ಅಭಿಮಾನ. ನನ್ನ ಜೊತೆ ಪಾಠ ಹೇಳುತ್ತಿದ್ದ ಮೇಡಂ ಒಪ್ಪುತ್ತಿರಲಿಲ್ಲ. ಇಡೀ ಪುಸ್ತಕದಲ್ಲಿ ಒಬ್ಬ ಆಫ್ರಿಕಾದವನಿಗಾದರೂ ಹೆಸರಿದೆಯೇ, ನೆಟ್ಟಗೆ ನಾಲ್ಕು ಮಾತಿದೆಯೇ, ಇದು ವರ್ಣಭೇದವಲ್ಲದೆ ಇನ್ನೇನು ಎಂದು ಕೇಳುತ್ತಿದ್ದರು, ಪಠ್ಯದಿಂದಲೇ ತೆಗೆಸಬೇಕು ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಮ್ಮ ಜಗಳ ತಡೆಯಲಾರದೆ ಪ್ರಿನ್ಸಿಪಾಲರು ಅದನ್ನೊಂದು ವಿಚಾರಗೋಷ್ಠಿ ಮಾಡಿಬಿಟ್ಟರು.

ಗೋಷ್ಠಿ ಎಂದಮೇಲೆ ಊಟ ಹಾಕಿಸುವವರು ಬೇಕು. ಆಗ ಊರಲ್ಲಿ ಗಣೇಶನಿಂದ ಕ್ರಿಕೆಟ್ಟಿನವರೆಗೆ ಎಲ್ಲಕ್ಕೂ ಗಣಿ ಧಣಿಗಳೇ ಗತಿ. ಒಬ್ಬರು ಒಪ್ಪಿ, ಉದ್ಘಾಟನೆಗೂ ಬಂದರು. ಬ್ಯಾನರಿನ ಮೇಲಿದ್ದ ‘ವಸಾಹತುಶಾಹಿ’ ಎಂಬ ಪದವನ್ನು ತುಸು ಹೊತ್ತು ನೋಡಿದರು.

“ವಸಾಹತು ಅಂದ್ರ ಕಾಲೋನಿ. ಬೈಪಾಸ್ ಕಡೆ ನಾವೂ ಒಂದು ಮಾಡೀವಿ, ಭಾಳ ಚಲೋ ಐತಿ,” ಎಂದರು.

ಪ್ರಿನ್ಸಿಪಾಲರು ಕಿವಿಯಲ್ಲಿ ವಿಷಯ ಹೇಳಿದ ಮೇಲೆ ಅವರ ದನಿಯೇ ಬದಲಾಯಿತು. ಒಂದು ನಾಡಿನ ಸಂಪತ್ತನ್ನು ಅಗೆದು ಹಡಗಿಗೆ ತುಂಬುವುದು ಮಹಾಪಾಪ ಎಂದು ಗದ್ಗದಿತರಾದರು. ಅಷ್ಟರಲ್ಲಿ ಬಂದರಿನಿಂದ ಫೋನು ಬಂತು, ಎದ್ದು ಹೋದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಊಟಕ್ಕೆ ಹೋಳಿಗೆ ಇತ್ತು.

ನಾನು ಮಾತಾಡಿದೆ, ಮೇಡಂ ಖಂಡಿಸಿದರು. ಪ್ರಶ್ನೆಗಳಿವೆಯೇ ಎಂದಾಗ ಚೋರನೂರಿನ ವಿದ್ಯಾರ್ಥಿನಿಯೊಬ್ಬಳು ಎದ್ದಳು. ಗಣಿಗಾರಿಕೆಯನ್ನು ಟೀಕಿಸಿ ದೊಡ್ಡ ಪತ್ರಿಕೆಯೊಂದು ಲೇಖನ ಬರೆದಿತ್ತಂತೆ. ಅದರಲ್ಲಿ ಅವಳ ತಾಯಿಯ ಫೋಟೋ ಇತ್ತು, ಹೆಸರಿರಲಿಲ್ಲ. ಕೆಳಗೆ ‘ಕೆಂಪು ದೂಳಿನ ನಡುವೆ ಒಬ್ಬ ಮೌನಿ’ ಎಂದಿತ್ತು.

“ಬರ್ದಿದ್ದು ಚಲೋನ ಆತ್ರಿ ಸರ. ಆದ್ರ ನಮ್ಮವ್ವ ಬಾಯಿ ಮುಚ್ಚಿದ್ದನ್ನ ಮನ್ಯಾಗ ಯಾರೂ ನೋಡಿಲ್ರಿ,” ಎಂದಳು.

ಸಭೆ ನಕ್ಕಿತು. ಲೇಖನವನ್ನು ಮೆಚ್ಚಬೇಕೋ ಸಿಟ್ಟಾಗಬೇಕೋ ಹೇಳಿ ಎಂದು ಅವಳು ಕೇಳಿದಳು. ಮೇಡಂ ಗೆದ್ದವರಂತೆ ನನ್ನತ್ತ ನೋಡಿದರು. ಆ ಲೇಖನ ಬರದಿದ್ದರೆ ನಿಮ್ಮೂರಿನ ದೂಳು ಯಾರಿಗೆ ಗೊತ್ತಾಗುತ್ತಿತ್ತು ಎಂದು ನಾನು ಕೇಳಿದೆ. ಅದೂ ಹೌದು ಎಂದು ಹುಡುಗಿ ಕುಳಿತಳು. ಅಧ್ಯಕ್ಷರು ಊಟಕ್ಕೆ ಬಿಟ್ಟರು.

ಮುಂದಿನ ಭಾನುವಾರ ಅವಳು ನಮ್ಮಿಬ್ಬರನ್ನೂ ಮನೆಗೆ ಕರೆದಳು. ಅವಳ ತಾಯಿ ಹುರಿದ ಶೇಂಗಾ ಮುಂದಿಟ್ಟು ಮಾತು ಶುರುಮಾಡಿದರು: ದೂಳು ಕೂತು ಬಾಡಿದ ಬೆಳೆ, ಬದು ಒಡೆದ ಲಾರಿ, ಅದರ ಡ್ರೈವರನನ್ನು ತಾವು ಬೈದ ರೀತಿ. ನಡುವೆ ನನ್ನ ಸಂಬಳ ಕೇಳಿದರು, ಮೇಡಂ ಏಕೆ ಮದುವೆಯಾಗಿಲ್ಲವೆಂದು ವಿಚಾರಿಸಿದರು. ಇದೆಲ್ಲ ಪತ್ರಿಕೆಯವರಿಗೆ ಹೇಳಲಿಲ್ಲವೇ ಎಂದೆ.

“ಹೇಳಿದ್ನೆಪ್ಪಾ. ಫೋಟೋ ಹೊಡೀಬೇಕು, ಸುಮ್ನಿರವ್ವ ಅಂದ್ರು. ಒಂದ್ಗಳಿಗಿ ಸುಮ್ನಿದ್ದೆ. ಅಷ್ಟನ್ನ ಬರಕೊಂಡು ಹೋದ್ರು,” ಎಂದರು.

ವಾಪಸು ಬರುವ ಬಸ್ಸಿನಲ್ಲಿ ನಾನು, ಮೇಡಂ ಗೋಷ್ಠಿಯಲ್ಲಿ ಹೇಳಿದ್ದರಲ್ಲಿ ಅರ್ಧ ಸರಿ ಎಂದು ಒಪ್ಪಿದೆ. ಕಾದಂಬರಿಯನ್ನು ಪಠ್ಯದಿಂದ ತೆಗೆಯುವುದು ಬೇಡ ಎಂದು ಅವರೂ ಒಪ್ಪಿದರು. ಸರಿಯಾದ ಅರ್ಧ ಯಾವುದು ಎಂಬುದರ ಮೇಲೆ ಹೊಸಪೇಟೆ ಬರುವವರೆಗೂ ಜಗಳವಾಡಿದೆವು.