ಏರಿನಲ್ಲಿ ನಿಂತ ಗಾಡಿಗಳ ಉದ್ದಪ್ಪ

ತುಕ್ಕಾನಟ್ಟಿ ದಾಟಿದ ಮೇಲಿನ ಏರಿನಲ್ಲಿ ಬೆಲ್ಲದ ಲಾರಿಯೊಂದು ನಿಂತುಬಿಟ್ಟಿದೆ. ಮೂಡಣ ಈಗಷ್ಟೇ ಕೆಂಪಾಗುತ್ತಿದೆ. ಡ್ರೈವರ್ ಕೇದಾರಿ ಇಂಜಿನ್ನು ಹೊತ್ತಿಸುವ ಹ್ಯಾಂಡಲ್ ತಿರುವಿ ತಿರುವಿ ಸೋತು ಬಂಪರಿನ ಮೇಲೆ ಕುಳಿತಿದ್ದಾನೆ. ದಾರಿಹೋಕನೊಬ್ಬ ಸುದ್ದಿ ಮುಟ್ಟಿಸಿದ್ದರಿಂದ ಗಾಡಿ ರಿಪೇರಿಯ ಉದ್ದಪ್ಪ ಊರಂಚಿನ ತನ್ನ ಮನೆಯಿಂದ ನಡೆದು ಬಂದಿದ್ದಾನೆ. ಹೆಗಲ ಚೀಲ ಇಳಿಸಿ ಬಾನೆಟ್ ಎತ್ತುತ್ತಾನೆ. ಯಾವುದನ್ನೂ ಮುಟ್ಟುವ ಮೊದಲು ವಾಸನೆ ನೋಡುತ್ತಾನೆ.

"ಚೋಕ್ ಎಳದೇನು?"

"ಬಂದ್ ಆದಾಗಿಂದ ಎಳ್ಯಾಕತ್ತೇನಿ ಕಾಕಾ."

"ಅದಕ್ಕ ಹಿಂಗಾಗೇತಿ. ಬಿಸಿ ಇಂಜಿನ್ನಿಗೆ ಚೋಕ್ ಬೇಕಾಗೂದಿಲ್ಲಪಾ. ಪೆಟ್ರೋಲ್ ಹೆಚ್ಚಾಗಿ ಪ್ಲಗ್ ತೊಯ್ದು ಕುಂತಾವ."

ಒಂದೊಂದೇ ಪ್ಲಗ್ ಬಿಚ್ಚಿ ಒರೆಸಿ ಗಾಳಿಗಿಡುತ್ತಾನೆ. ಗೋಣಿತಾಟಿನ ತುಂಡನ್ನು ನೀರಲ್ಲಿ ಅದ್ದಿ ಪೆಟ್ರೋಲ್ ಪಂಪಿಗೂ ಕೊಳವೆಗೂ ಸುತ್ತುತ್ತಾನೆ. ಏರು ಹತ್ತಿದ ಕಾವಿಗೆ ಕೊಳವೆಯೊಳಗಿನ ಪೆಟ್ರೋಲ್ ಕುದ್ದು ಆವಿಯಾದರೆ ಮುಂದಕ್ಕೆ ಹರಿಯುವುದಿಲ್ಲ. ಅದು ತಣಿಯಬೇಕು. ಕೇದಾರಿ ಎದ್ದು ಹ್ಯಾಂಡಲಿಗೆ ಕೈಹಾಕಿದರೆ, "ಕುಂದರು. ಅದು ಆರೂತನಕಾ ನಾವೂ ಆರಬೇಕು" ಎನ್ನುತ್ತಾನೆ.

ಬಿಸಿಲು ಬಾನೆಟ್ಟಿನ ಮೇಲೆ ಬಿದ್ದ ಮೇಲೆ ಪ್ಲಗ್ ಕೂಡಿಸಿ, ಎಕ್ಸಿಲರೇಟರ್ ಪೂರ್ತಿ ತುಳಿದಿರಲು ಹೇಳಿ, ತಾನೇ ಹ್ಯಾಂಡಲ್ ಹಿಡಿಯುತ್ತಾನೆ. ಇಂಜಿನ್ನು ಕೆಮ್ಮುತ್ತದೆ, ಸುಮ್ಮನಾಗುತ್ತದೆ, ಮತ್ತೆ ಕೆಮ್ಮಿ ಹತ್ತಿಕೊಳ್ಳುತ್ತದೆ. "ಗೋಕಾಕ ಮುಟ್ಟೂತನಕಾ ಬಂದ್ ಮಾಡಬ್ಯಾಡ." ಕೇದಾರಿ ಕಿಟಕಿಯಿಂದ ಕೈಯೆತ್ತುತ್ತಾನೆ. ಲಾರಿ ಏರು ಹತ್ತಿ ಮರೆಯಾಗುತ್ತದೆ. ಧೂಳು ಇಳಿದಾಗ ರಸ್ತೆಯಲ್ಲಿ ಉದ್ದಪ್ಪ ಒಬ್ಬನೇ. ಹುಲ್ಲಿನಲ್ಲಿ ಹರಡಿದ, ನಟ್ಟು ಬಿಚ್ಚುವ ಪಾನಾಗಳನ್ನು ಆಯ್ದು ಚೀಲಕ್ಕೆ ಹಾಕುತ್ತಾನೆ.

ಕುರಿ ಕಾಯುವ ಮನೆತನ. ಎರಡನೇ ಮಹಾಯುದ್ಧದ ಕಾಲಕ್ಕೆ ಮಂದೆ ಮಾರಿಹೋದಾಗ ಕೂಲಿ ಹುಡುಕುತ್ತ ಬೆಳಗಾವಿಗೆ ಹೋದ ಉದ್ದಪ್ಪನಿಗೆ ಸಿಕ್ಕದ್ದು ಮಿಲಿಟರಿ ಗಾಡಿಗಳ ಗ್ಯಾರೇಜಿನಲ್ಲಿ ತೊಳೆಯುವ ಕೆಲಸ. ತೊಳೆಯುತ್ತಲೇ ನೋಡಿ ಕಲಿತ. ಊರಿಗೆ ಮರಳಿ, ಮೂಡಲಗಿ ಪೇಟೆಯ ಬೆಲ್ಲ, ಹತ್ತಿ ಹೊತ್ತ ಲಾರಿಗಳು ಈ ಏರಿನಲ್ಲಿ ಒದ್ದಾಡುವುದನ್ನು ಕಂಡು ಇಲ್ಲೇ ನಿಂತ. ಹೆಂಡತಿ ಸತ್ತೆವ್ವ ಮಗಳು ನಡೆದಾಡುವ ಮೊದಲೇ ತೀರಿಕೊಂಡಳು. ಮಗಳು ರಾಮವ್ವನ ಲಗ್ನವಾಗಿ ನಾಲ್ಕು ವರ್ಷ. ಈಗ ಒಲೆ ಹೊತ್ತಿಸುವವನೂ ಅವನೇ, ಉಣ್ಣುವವನೂ ಅವನೇ.

ಬೇಸಿಗೆಯಲ್ಲಿ ಕರೆ ಬಾರದ ದಿನವೇ ಇಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಯಾರೂ ಬರುವುದಿಲ್ಲ. ಆಗ ಮನೆಯಲ್ಲಿ ಮಾತೇ ಹುಟ್ಟುವುದಿಲ್ಲ. "ಗಾಡಿ ನಿಂತಾಗ ಮಂದಿ ಎಲ್ಲಾ ನನ್ನ ಸುತ್ತ ಇರತಾರ್ರಿ. ಚಾಲೂ ಆತಂದ್ರ ಒಬ್ಬರೂ ಇರೂದಿಲ್ಲ. ಅವರದೇನ ತಪ್ಪ? ನಿಲ್ಲಬ್ಯಾಡ್ರಿ ಅಂತ ನಾನ ಹೇಳಿರತೇನಿ," ಎನ್ನುತ್ತಾನೆ. ಆಮೇಲೆ ಆ ಗಾಡಿ ಊರು ಮುಟ್ಟಿತೋ, ಮುಂದಿನ ಏರಿನಲ್ಲಿ ಮತ್ತೆ ನಿಂತಿತೋ ಅವನಿಗೆ ತಿಳಿಯುವುದಿಲ್ಲ. ಸಂಜೆ ಬಾಗಿಲಲ್ಲಿ ಕುಳಿತು ಅದನ್ನೇ ಯೋಚಿಸುತ್ತಾನೆ.

ರಾಮವ್ವನನ್ನು ಕೊಟ್ಟದ್ದು ಹುಕ್ಕೇರಿ ಬಾಜೂ ಹಳ್ಳಿಗೆ. ಲಗ್ನ ಮುಗಿಸಿ ಬೀಗರು ಲಾರಿಯಲ್ಲಿ ಹೊರಟಾಗ ಮಗಳನ್ನು ಅತ್ತೆಯ ಉಡಿಯಲ್ಲಿ ಹಾಕಿ ಒಪ್ಪಿಸಲು ಉದ್ದಪ್ಪನೂ ಹತ್ತಿದ. ಹೊಸ ರುಮಾಲು ಸುತ್ತಿದ್ದ. ಹುಕ್ಕೇರಿ ಇನ್ನೂ ದೂರವಿರುವಾಗ ಒಂದು ದಿಬ್ಬದಲ್ಲಿ ಲಾರಿ ನಿಂತಿತು. ಯಾರೂ ಹೇಳುವ ಮೊದಲೇ ಅವನು ಇಳಿದ. ಹೊತ್ತು ಮುಳುಗುವುದರೊಳಗೆ ಸೊಸೆ ಹೊಸ್ತಿಲು ದಾಟಬೇಕೆಂದು ಬೀಗರು ಚಡಪಡಿಸುತ್ತಿದ್ದರು. ಆ ದಿನವೂ ಪ್ಲಗ್ ಒರೆಸಿದ, ರುಮಾಲನ್ನೇ ತೊಯ್ಸಿ ಪಂಪಿಗೆ ಸುತ್ತಿದ, ಕಾದ, ಹ್ಯಾಂಡಲ್ ಹೊಡೆದ. ಇಂಜಿನ್ನು ಹತ್ತಿತು, ಆದರೆ ಒಡೆದ ದನಿ. ನಿಂತರೆ ಮತ್ತೆ ಏಳುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಅವನು ಹತ್ತುವ ಮೊದಲೇ ಲಾರಿ ನಿಧಾನ ಉರುಳತೊಡಗಿತು. ನಿಲ್ಲಿಸಲೇ ಎಂಬಂತೆ ಡ್ರೈವರ್ ಹಿಂತಿರುಗಿ ನೋಡಿದ.

"ನಾನ ಕೈ ಮಾಡಿದ್ನಿರಿ, ಹೋಗು ಅಂತ. ಆಕಿ ಹಿಂದ ಕುಂತಿದ್ಲು. 'ಅಪ್ಪಾ' ಅಂದದ್ದು ಇಂಜಿನ್ ಸಪ್ಪಳದಾಗ ಕೇಳಸಲಿಲ್ಲ. ಬಾಯಿ ಅಷ್ಟ ಕಾಣತಿತ್ತು."

ದಿಬ್ಬದ ತುದಿಯಲ್ಲಾದರೂ ನಿಲ್ಲಬಹುದೆಂದು ಓಡಿದ. ನಿಲ್ಲಲಿಲ್ಲ. ಆ ಸಂಜೆ ಬೇರೆ ಗಾಡಿ ಬರಲಿಲ್ಲ. ನಡೆದು ನಡೆದು, ಹಾದಿಯ ಗುಡಿಯೊಂದರಲ್ಲಿ ಮಲಗಿ ಎದ್ದು, ಬೀಗರೂರು ಸೇರಿದಾಗ ಬಿಸಿಲೇರಿತ್ತು. ಒಪ್ಪಿಸುವ ಶಾಸ್ತ್ರ ಆಗಿಹೋಗಿತ್ತು. ತಂದೆಯ ಜಾಗದಲ್ಲಿ, ಅದೇ ಲಾರಿಯಲ್ಲಿ ಬಂದಿದ್ದ ರಾಮವ್ವನ ಸೋದರಮಾವ ಕುಳಿತಿದ್ದನಂತೆ. ಉದ್ದಪ್ಪ ಅಂಗಳದಲ್ಲೇ ನಿಂತ.

ರಾಮವ್ವ ತಂಬಿಗೆಯಲ್ಲಿ ನೀರು ತಂದು ಕಾಲಿಗೆ ಕೊಟ್ಟಳು. ಯಾಕೆ ಉಳಿದೆ ಎಂದು ಕೇಳಲಿಲ್ಲ. ತಂದೆಯ ಕಾಲಿನ ಬೊಬ್ಬೆ ನೋಡುತ್ತ ಮೆಲ್ಲಗೆ ಹೇಳಿದಳು: "ಅಪ್ಪಾ, ಗಾಡಿ ಹಾದ್ಯಾಗ ಎಲ್ಲೂ ನಿಲ್ಲಲಿಲ್ಲ. ಹೊತ್ತ ಮುಣಗೂದರಾಗ ಮನಿ ಮುಟ್ಟಿದ್ವಿ."

ಇದನ್ನು ಹೇಳುವಾಗ ಉದ್ದಪ್ಪ ಕೇಳುವವರ ಮುಖ ನೋಡುವುದಿಲ್ಲ, ರಸ್ತೆ ನೋಡುತ್ತಾನೆ. "ಎಷ್ಟೋ ಗಾಡಿ ಕಳಿಸೇನ್ರಿ ನಾ. ಮುಟ್ಟೇತಿ ಅಂತ ತಿರುಗಿ ಹೇಳಿದಾಕಿ ಆಕಿ ಒಬ್ಬಾಕಿ."